ಶೀತವಲಯದ ಗೆರೆ

ಮೊನ್ನೆ ನೆಟ್ಟಣದಲ್ಲಿ ರೈಲು ಹತ್ತಿ ಎ.ಸಿ. ಬೋಗಿಯಲ್ಲಿ ಕುಳಿತಿದ್ದೆ. ಎದುರು ಸೀಟಿನ ಹೆಂಗಸು ಸೆರಗನ್ನು ಕಿವಿಗೆ ಸುತ್ತಿಕೊಳ್ಳುತ್ತಾ ಗಂಡನಿಗೆ, "ಎಂತ ಚಳಿ ಮಾರಾಯ್ರೆ ಇದು, ಶೀತವಲಯಕ್ಕೆ ಬಂದ ಹಾಗೆ ಉಂಟು" ಎಂದರು. "ಚಳಿ ಬೇರೆ, ಶೀತವಲಯ ಬೇರೆ" ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದೇಬಿಟ್ಟಿತು. ನುಂಗಿಕೊಂಡೆ. ಆ ಮಾತು ನನ್ನದಲ್ಲ, ಅದನ್ನು ಹೇಳಬೇಕಾದವರು ಈಗ ಇಲ್ಲ. ಘಾಟಿ ಮುಗಿಯುವವರೆಗೂ ನನಗೆ ಸೀಟಿನಲ್ಲಿ ಕುಳಿತುಕೊಳ್ಳಲಾಗಲಿಲ್ಲ. ಬಾಗಿಲಿನ ತನಕ ಹೋದೆ, ಬಂದೆ, ಮತ್ತೆ ಹೋದೆ. ಇವರಿಗೆ ಹೊಟ್ಟೆ ಸರಿಯಿಲ್ಲವೇನೋ ಎಂಬಂತೆ ಆ ಹೆಂಗಸು ನನ್ನನ್ನು ನೋಡಿದರು.

ನರಿಮೊಗರಿನ ಕಡೆಯ ಒಂದು ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಆ ಮಾತು ಹೇಳುತ್ತಿದ್ದವರು ಅಲ್ಲಿನ ಸಮಾಜ ವಿಜ್ಞಾನದ ಮಾಸ್ಟ್ರು. ಪುತ್ತೂರಿನ ದರ್ಬೆಯಲ್ಲಿ ಮನೆ. ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಹಳೆಯ ವ್ಯಾಪಾರಿ ಕುಟುಂಬ. ಅಣ್ಣಂದಿರು ಬಟ್ಟೆ, ಸಿಮೆಂಟು ಎಂದು ಅಂಗಡಿ ಹಾಕಿದವರು, ತಮ್ಮಂದಿರು ಗಲ್ಫಿನಲ್ಲಿ. ಇವರೊಬ್ಬರೇ ಭೂಪಟ ಹಿಡಿದುಕೊಂಡು ಶಾಲೆಗೆ ಬಂದವರು. "ನಮ್ಮ ಮನೆಯಲ್ಲಿ ಎಲ್ಲರೂ ಊರು ನೋಡಿದವರು ಟೀಚರೆ, ನಾನೊಬ್ಬ ಊರುಗಳ ಹೆಸರು ಹೇಳುವವ" ಎಂದು ತಮ್ಮನ್ನು ತಾವೇ ತಮಾಷೆ ಮಾಡಿಕೊಳ್ಳುತ್ತಿದ್ದರು.

ಕೂರುವುದೆಂದರೆ ಅವರಿಗೆ ಆಗದು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿಯ ಮೇಲೆ ಸದಾ ನಮ್ಮೆಲ್ಲರ ಚೀಲ, ಕೊಡೆ, ಟಿಫಿನ್ ಡಬ್ಬಿ. ಹಾಜರಿ ಕರೆಯುವುದು ನಡೆಯುತ್ತಾ, ಉತ್ತರ ಪತ್ರಿಕೆ ತಿದ್ದುವುದು ಕಿಟಕಿಯ ದಂಡೆಗೆ ಒರಗಿ, ಚಹಾ ಕುಡಿಯುವುದು ಬಾಗಿಲಿನಲ್ಲಿ. ಹೆಡ್ಮಾಸ್ಟ್ರು ಒಮ್ಮೆ, "ನೀವು ಕೂತರೆ ಭೂಮಿ ತಿರುಗುದು ನಿಲ್ತದಾ ಮಾಸ್ಟ್ರೆ?" ಎಂದು ಕೇಳಿದ್ದರು. "ಯಾರಿಗೆ ಗೊತ್ತು ಸರ್, ಯಾಕೆ ಸುಮ್ಮನೆ ಪರೀಕ್ಷೆ ಮಾಡುದು?" ಎಂದು ಇವರು ಹೊರಟೇ ಹೋದರು.

ಅವರ ಪಾಠಗಳಲ್ಲಿ ಶಾಖವಲಯಗಳ ಪಾಠ ಹೆಸರುವಾಸಿ. ಉಷ್ಣವಲಯ, ಸಮಶೀತೋಷ್ಣ ವಲಯ, ಶೀತವಲಯ. ಮೊದಲ ಎರಡನ್ನು ಅವಸರದಲ್ಲಿ ಮುಗಿಸಿ ಮೂರನೆಯದಕ್ಕೆ ಬರುವಾಗ ಅವರ ಸ್ವರವೇ ಬೇರೆ. "ಶೀತವಲಯ ಅಂದರೆ ಎಂತ?" ಎಂದು ಕೇಳುತ್ತಿದ್ದರು. "ತುಂಬಾ ಚಳಿ ಇರುವ ಜಾಗ ಸಾರ್" ಎಂದು ಮಕ್ಕಳು ಒಕ್ಕೊರಲಿನಿಂದ ಕೂಗಿದರೆ ಆ ದಿನದ ಪಾಠಕ್ಕೆ ಕಳೆ ಬಂದಂತೆ. "ಚಳಿ ಬೇರೆ, ಶೀತವಲಯ ಬೇರೆ! ಹಿಮಾಲಯದಲ್ಲಿ ಚಳಿ ಇಲ್ವಾ? ಅದು ಶೀತವಲಯವಾ? ಚಳಿಯನ್ನು ನೋಡ್ಬೇಡಿ, ಸೂರ್ಯನನ್ನು ನೋಡಿ." ಬೋರ್ಡಿನ ಮೇಲೆ ದೊಡ್ಡದೊಂದು ಗೋಲ ಬರೆದು, ಮೇಲ್ಗಡೆ ಒಂದು ಗೆರೆ, ಕೆಳಗಡೆ ಒಂದು ಗೆರೆ. ಆ ಗೆರೆಯಿಂದ ಧ್ರುವದವರೆಗಿನ ಭಾಗದಲ್ಲಿ ವರ್ಷಕ್ಕೆ ಒಂದು ದಿನವಾದರೂ ಸೂರ್ಯ ಮುಳುಗುವುದಿಲ್ಲ, ಒಂದು ದಿನವಾದರೂ ಹುಟ್ಟುವುದಿಲ್ಲ. ಅದು ಶೀತವಲಯ. ಗೆರೆಯಿಂದ ಒಂದು ಹೆಜ್ಜೆ ಹೊರಗೆ ನಿಂತರೂ ಅದು ಶೀತವಲಯವಲ್ಲ, ಅಲ್ಲಿ ನೀವು ಚಳಿಗೆ ಕಲ್ಲಾಗಿ ಹೋದರೂ ಅಲ್ಲ.

ಆ ಪದವನ್ನು ಯಾರಾದರೂ ಸಡಿಲವಾಗಿ ಬಳಸಿದರೆ ಅವರಿಗೆ ಮೈಮೇಲೆ ಇರುವೆ ಹರಿದ ಹಾಗೆ. ಅವರ ಅಣ್ಣನ ಮಗ ದರ್ಬೆಯ ಬಟ್ಟೆ ಅಂಗಡಿಗೆ ಹೊಸದಾಗಿ ಎ.ಸಿ. ಹಾಕಿಸಿ, ಬಾಗಿಲಿಗೆ "ಶೀತವಲಯಕ್ಕೆ ಸ್ವಾಗತ" ಎಂದು ಬ್ಯಾನರ್ ಕಟ್ಟಿದ್ದ. ಹಬ್ಬದ ಬಟ್ಟೆಗೆಂದು ಹೆಂಡತಿಯನ್ನು ಕರೆದುಕೊಂಡು ಹೋದವರು ಬ್ಯಾನರ್ ಓದಿ ಹೊರಗೇ ನಿಂತರಂತೆ. ಹೆಂಡತಿ ಒಳಗೆ ಹೋಗಿ ಇಡೀ ಮನೆಗೆ ಬಟ್ಟೆ ತೆಗೆದು ಬರುವವರೆಗೂ ಬಿಸಿಲಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರಂತೆ. "ಚಿಕ್ಕಪ್ಪ, ಗಿರಾಕಿಗಳು ನೋಡ್ತಾರೆ, ಒಳಗೆ ಬನ್ನಿ" ಎಂದು ಹುಡುಗ ಅಂಗಲಾಚಿದರೆ, "ಪುತ್ತೂರು ಇರುದು ಉಷ್ಣವಲಯದಲ್ಲಿ, ನಾನು ಇಲ್ಲೇ ಸರಿ ಇದ್ದೇನೆ" ಎಂದರಂತೆ. ಮಾರನೆಯ ದಿನ ಬ್ಯಾನರ್ ಇರಲಿಲ್ಲ.

ಇನ್ನೊಮ್ಮೆ ಒಬ್ಬ ಹುಡುಗನಿಗೆ ಇದೇ ಪ್ರಶ್ನೆಯಲ್ಲಿ ಸೊನ್ನೆ ಬಿತ್ತೆಂದು ಅವನ ತಂದೆ ಜಗಳಕ್ಕೆ ಬಂದರು. ಒಳ್ಳೆಯ ಅಡಿಕೆ ತೋಟ ಇರುವ ಜನ, ಊರಿನಲ್ಲಿ ನಾಲ್ಕು ಮಂದಿ ಮಾತು ಕೇಳುವಂಥವರು. "ಹಿಮ ಇರುವ ಪ್ರದೇಶ ಅಂತ ಬರೆದರೆ ಎಂತ ತಪ್ಪು ಮಾಸ್ಟ್ರೆ? ಸ್ವಲ್ಪ ಆಚೀಚೆ ಆದರೆ ಲೋಕ ಮುಳುಗ್ತದಾ?" ಎಂದರು. ಮಾಸ್ಟ್ರು ಬಹಳ ಮರ್ಯಾದೆಯಿಂದ, "ನಿಮ್ಮ ತೋಟದ ಗಡಿಕಲ್ಲನ್ನು ನೆರೆಮನೆಯವರು ಸ್ವಲ್ಪ ಆಚೀಚೆ ಮಾಡಿದರೆ ನೀವು ಸುಮ್ಮನೆ ಇರ್ತೀರಾ?" ಎಂದು ಕೇಳಿದರು. ಆ ಮನುಷ್ಯ ಬಂದ ದಾರಿಗೆ ಸುಂಕವಿಲ್ಲವೆಂದು ಹೋದರು.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರೆ. ಆ ಮನೆಯಲ್ಲಿ ನೂಲು ಅಪ್ಪನದ್ದು. ಒಬ್ಬಳೇ ಮಗಳು ನಮ್ಮ ಶಾಲೆಯಲ್ಲೇ ಓದಿದಳು. ಮೊದಲ ಬೆಂಚು, ಸಣಕಲು ಮೈ, ಹಿಡಿದ ಪಟ್ಟು ಬಿಡದ ಕಣ್ಣು. ನನ್ನ ಕನ್ನಡ ಪಾಠದಲ್ಲಿ ಕವಿ "ಸೂರ್ಯ ಮಲಗಿದ" ಎಂದರೆ, "ಸೂರ್ಯ ಮಲಗುದಿಲ್ಲ ಟೀಚರ್, ಭೂಮಿ ತಿರುಗುದು" ಎಂದು ಎದ್ದು ನಿಲ್ಲುವವಳು. ನನಗೆ ಸಿಟ್ಟು ಬರುತ್ತಿತ್ತು, ನಗುವೂ ಬರುತ್ತಿತ್ತು. ಅಪ್ಪನಂತೂ ಅವಳಿಗೆ ಎಂದೂ ಪೂರ್ತಿ ಅಂಕ ಕೊಟ್ಟವರಲ್ಲ. ಎಲ್ಲ ಸರಿಯಿದ್ದರೂ ಎಲ್ಲಾದರೂ ಒಂದು ಅರ್ಧ ಕಿತ್ತು ಇಡುತ್ತಿದ್ದರು. ಮಗಳ ಮೇಲಿನ ಮುದ್ದನ್ನು ಮುಚ್ಚಿಡಲು ಆ ಮನುಷ್ಯನಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಅವಳಿಗೆ ಮದುವೆಯಾಯಿತು. ಅಳಿಯ ಗಲ್ಫಿನಲ್ಲಿ ಯಂತ್ರ ರಿಪೇರಿ ಕೆಲಸದಲ್ಲಿದ್ದವನು, ಅಲ್ಲಿಂದ ನಾರ್ವೆ ದೇಶದ ಉತ್ತರದ ಒಂದು ಸಣ್ಣ ಊರಿಗೆ, ಮೀನಿನ ಫ್ಯಾಕ್ಟರಿಗೆ ಹೋದ. ಅವಳೂ ಹೋಗಿ ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದಳು. ನಾವೆಲ್ಲ, "ಅಂತೂ ಮಾಸ್ಟ್ರೆ, ಮಗಳನ್ನು ಶೀತವಲಯಕ್ಕೇ ಕಳಿಸಿದ್ರಿ" ಎಂದು ತಮಾಷೆ ಮಾಡಿದೆವು. ಅವರು ಗಂಭೀರವಾಗಿ ಭೂಪಟದ ಮೇಲೆ ಬೆರಳಿಟ್ಟರು. "ಇಲ್ಲ. ಗೆರೆಯಿಂದ ಸ್ವಲ್ಪ ಈಚೆಗೆ. ಹೊರಗೆ." ಮಗಳ ವಿಷಯದಲ್ಲೂ ರಿಯಾಯಿತಿ ಇಲ್ಲ ಎಂದು ನಾವು ನಕ್ಕೆವು.

ಆ ವರ್ಷಗಳಲ್ಲಿ ರಂಜಾನ್ ಜೂನ್ ತಿಂಗಳಲ್ಲಿ ಬರುತ್ತಿತ್ತು. ಇಲ್ಲಿ ಮಸೀದಿಯಲ್ಲಿ ಸಂಜೆಯ ಬಾಂಗ್ ಕೂಗುವಾಗ ದರ್ಬೆಯ ಮನೆಯಲ್ಲಿ ಖರ್ಜೂರ ಬಾಯಿಗೆ ಹಾಕಿ ಉಪವಾಸ ಬಿಡುತ್ತಿದ್ದರು. ಅಲ್ಲಿ ಮಗಳ ಊರಿನಲ್ಲಿ ಆಗಿನ್ನೂ ನಡುಹಗಲು. ಅಲ್ಲಿ ಸೂರ್ಯ ಮುಳುಗುವುದು ನಡುರಾತ್ರಿಯ ಹೊತ್ತಿಗೆ, ಮುಳುಗಿ ಒಂದು ಕೋಳಿನಿದ್ದೆ ತೆಗೆಯುವುದರೊಳಗೆ ಮತ್ತೆ ಹಾಜರು. ಇವಳು ಅಷ್ಟು ಹೊತ್ತೂ ಒಂದು ಗುಟುಕು ನೀರಿಲ್ಲದೆ, ಮುದುಕರನ್ನು ಎತ್ತಿ ಮಲಗಿಸುವ ಮೈ ಮುರಿಯುವ ಕೆಲಸವನ್ನೂ ಮಾಡಿಕೊಂಡು ನೋಂಬು ಹಿಡಿಯುತ್ತಿದ್ದಳು. ನೋಂಬು ಎಂದರೆ ಉಪವಾಸ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು.

ಮಾಸ್ಟ್ರು ಮಸೀದಿಯ ಉಸ್ತಾದರ ಹತ್ತಿರ ಹೋಗಿ ಕೇಳಿದರು. ಉಸ್ತಾದರು, "ಸೂರ್ಯ ಮುಳುಗದ ಊರಾದರೆ, ಹತ್ತಿರದಲ್ಲಿ ಹಗಲು ರಾತ್ರಿ ಸರಿಯಾಗಿ ಇರುವ ಊರಿನ ಸಮಯ ಹಿಡಿಯಬಹುದು. ಮುಳುಗುವ ಊರಾದರೆ ಮುಳುಗುವ ತನಕ ಕಾಯ್ಬೇಕು. ಶರೀರಕ್ಕೆ ಆಗದವರು ಬಿಟ್ಟು, ಮತ್ತೆ ಬೇರೆ ದಿನ ಹಿಡಿದು ತೀರಿಸಬಹುದು. ಈಗ ಆ ಊರು ಯಾವುದಕ್ಕೆ ಸೇರ್ತದೆ ಅಂತ ನೀವೇ ಹೇಳಿ ಮಾಸ್ಟ್ರೆ, ಅದು ನಿಮ್ಮ ಸಬ್ಜೆಕ್ಟು" ಎಂದರು.

"ಹೇಳಿದ್ರಾ?" ಎಂದು ನಾನು ಕೇಳಿದೆ.

"ಹೇಳಿದೆ. ಗೆರೆಯ ಹೊರಗೆ ಅಂತ."

"ಮತ್ತೆ ಶರೀರಕ್ಕೆ ಆಗದವರು ಬಿಡಬಹುದಲ್ಲ?"

"ಅವಳು ಒಪ್ಪಬೇಕಲ್ಲ ಟೀಚರೆ! ನನ್ನ ಶರೀರಕ್ಕೆ ಎಂತ ಆಗಿದೆ ಅಂತ ಕೇಳ್ತಾಳೆ. ಅಲ್ಲಿಯ ಬೇರೆಯವರು ದಕ್ಷಿಣದ ದೊಡ್ಡ ಊರಿನ ಸಮಯಕ್ಕೆ ನೋಂಬು ಬಿಡ್ತಾರಂತೆ. ಇವಳು, ಅದು ಶೀತವಲಯದ ಒಳಗಿನವರಿಗೆ, ನಾವು ಹೊರಗೆ ಅಂತ ಅವರಿಗೇ ಪಾಠ ಮಾಡ್ತಾಳಂತೆ."

ನನಗೆ ರೇಗಿತು. "ದೇವರಿಗೆ ಇಷ್ಟು ಲೆಕ್ಕ ಉಂಟಾ ಮಾಸ್ಟ್ರೆ?" ಎಂದೆ.

"ದೇವರಿಗೆ ಇರ್ಲಿಕ್ಕಿಲ್ಲ. ಅವಳಿಗೆ ಉಂಟಲ್ಲ. ಕಲಿಸಿದ್ದು ನಾನಲ್ವಾ?" ಎಂದು ಕಿಟಕಿಯ ಕಡೆಗೆ ನಡೆದರು.

ಅದಾಗಿ ಕೆಲವು ದಿನಕ್ಕೆ ಅಳಿಯನ ಫೋನ್ ಬಂತು. ಕೆಲಸದ ಜಾಗದಲ್ಲಿ ಒಬ್ಬ ಅಜ್ಜಿಯನ್ನು ಎತ್ತುವಾಗ ಮಗಳು ತಲೆ ತಿರುಗಿ ಬಿದ್ದಿದ್ದಳು. ಹಣೆ ಒಡೆದಿತ್ತು. ಉಪ್ಪನಿಗೆ, ಎಂದರೆ ಅಪ್ಪನಿಗೆ, ಹೇಳಬೇಡಿ ಎಂದು ಗಂಡನಿಂದ ಮಾತು ತೆಗೆದುಕೊಂಡಿದ್ದಳಂತೆ. ಅವನು ಹೆದರಿ ಹೇಳಿಬಿಟ್ಟ. ಮಾರನೆಯ ದಿನವೂ ಅವಳು ನೋಂಬು ಹಿಡಿದಿದ್ದಳು.

ಶಾಲೆ ಬಿಟ್ಟಿತ್ತು. ಸ್ಟಾಫ್ ರೂಮಿನಲ್ಲಿ ನಾನು ಕಾಪಿ ಪುಸ್ತಕ ನೋಡುತ್ತಿದ್ದೆ. ಮಾಸ್ಟ್ರು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಾ ಮಗಳಿಗೆ ಫೋನ್ ಮಾಡಿದರು. ಬ್ಯಾರಿಗಳ ನೆರೆಯಲ್ಲೇ ಬೆಳೆದ ನನಗೆ ಆ ಭಾಷೆ ಅರ್ಥವಾಗುತ್ತದೆ. ಮಗಳು ಬಿದ್ದ ಸುದ್ದಿಯನ್ನು ಅವರು ಎತ್ತಲಿಲ್ಲ, ಬೈಯಲಿಲ್ಲ. ಪಾಠ ಮಾಡುವ ಸ್ವರದಲ್ಲೇ ಹೇಳಿದರು: "ಆ ಗೆರೆ ಇದ್ದಲ್ಲೇ ಇರುದಿಲ್ಲ ಮಗಳೇ, ವರ್ಷ ವರ್ಷ ಸ್ವಲ್ಪ ಸರೀತದೆ. ನಾನು ಹಳೆಯ ಭೂಪಟ ನೋಡಿ ಹೇಳಿದ್ದು. ಈಗಿನದ್ದು ನೋಡಿದೆ. ಗೆರೆ ದಕ್ಷಿಣಕ್ಕೆ ಬಂದಿದೆ. ನಿಮ್ಮ ಊರು ಈಗ ಒಳಗೇ. ಅಲ್ಲಿ ಸೂರ್ಯ ಮುಳುಗಿದ ಹಾಗೆ ಕಾಣುದು ಗುಡ್ಡ ಅಡ್ಡ ಇರುದರಿಂದ. ನೀನು ಇವತ್ತಿನಿಂದ ದಕ್ಷಿಣದ ಊರಿನ ಸಮಯಕ್ಕೆ ನೋಂಬು ಬಿಡು."

ಆ ಕಡೆಯಿಂದ ಸಣ್ಣ ಸ್ವರದಲ್ಲಿ, "ಆಯ್ತು ಉಪ್ಪ" ಎಂದದ್ದು ನನಗೂ ಕೇಳಿತು.

ಮಾಸ್ಟ್ರು ಫೋನನ್ನು ಕಿಸೆಗೆ ಹಾಕಿದರು. ತಮ್ಮ ಕುರ್ಚಿಯ ಮೇಲಿದ್ದ ನನ್ನ ಚೀಲವನ್ನು ಎತ್ತಿ ಮೇಜಿನ ಮೇಲಿಟ್ಟು, ಕುಳಿತರು. ಅಷ್ಟು ವರ್ಷಗಳಲ್ಲಿ ಅವರು ಆ ಕುರ್ಚಿಯಲ್ಲಿ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಭಯವಾಯಿತು.

"ಗೆರೆ ಸರಿಯುದು ಹೌದಾ ಮಾಸ್ಟ್ರೆ?"

"ಹೌದು. ಬುಗುರಿ ತಲೆ ಆಡಿಸಿದ ಹಾಗೆ ಭೂಮಿಯೂ ಸ್ವಲ್ಪ ತಲೆ ಆಡಿಸ್ತದೆ. ಗೆರೆ ವರ್ಷಕ್ಕೆ ನಮ್ಮ ಶಾಲೆಯ ಜಗಲಿಯಷ್ಟು ಸರೀಬಹುದು. ಆದರೆ ಈಗ ಅದು ಸರಿಯುದು ಉತ್ತರಕ್ಕೆ. ನಾನು ದಕ್ಷಿಣಕ್ಕೆ ತಂದೆ." ಕೈಯನ್ನು ಮುಖದ ಮೇಲೆ ಎಳೆದುಕೊಂಡರು. "ಅವಳ ಊರು ಹೊರಗೇ ಉಂಟು ಟೀಚರೆ."

ಮಗಳು ಆವತ್ತಿನಿಂದ ಹೊತ್ತಿಗೆ ಸರಿಯಾಗಿ ಉಂಡಳು. ಮುಂದಿನ ಬೇಸಿಗೆಗಳಲ್ಲೂ ಹಾಗೆಯೇ. ಅವಳ ಮೈಗೆ ಸ್ವಲ್ಪ ಮಾಂಸ ಹತ್ತಿತು, ಒಂದು ಮಗುವೂ ಆಯಿತು. ಎಲ್ಲ ಸುಖವಾಯಿತು ಎಂದು ನಾನು ತಿಳಿದೆ. ಆದರೆ ಮಾಸ್ಟ್ರು ಮಾತ್ರ ನೆಲೆ ತಪ್ಪಿದರು. ಮೊದಲು ನಡೆಯುತ್ತಿದ್ದುದರಲ್ಲಿ ಒಂದು ಖುಷಿ ಇತ್ತು, ಈಗ ಏನನ್ನೋ ತಪ್ಪಿಸಿಕೊಂಡು ಓಡಾಡಿದಂತೆ. ಶಾಖವಲಯಗಳ ಪಾಠ ಬಂದಾಗ, "ಇದೊಂದು ನೀವು ಮಾಡಿ" ಎಂದು ಗಣಿತದ ಮಾಸ್ಟ್ರ ಕೈಗೆ ಪುಸ್ತಕ ಕೊಟ್ಟರು. ಶಾಲಾ ವಾರ್ಷಿಕೋತ್ಸವದಲ್ಲಿ ಅತಿಥಿಯೊಬ್ಬರು ಮಡಿಕೇರಿಯನ್ನು ಕರ್ನಾಟಕದ ಶೀತವಲಯ ಎಂದು ಹೊಗಳಿದಾಗ ನಾವೆಲ್ಲ ನಗು ತಡೆದುಕೊಂಡು ಇವರ ಕಡೆ ತಿರುಗಿದೆವು. ಇವರು ತಮ್ಮ ಚಪ್ಪಲಿ ನೋಡುತ್ತಾ ನಿಂತಿದ್ದರು. ನಮ್ಮ ನಗು ಅಲ್ಲೇ ಆರಿತು. ಅವರ ಬಾಯಿಂದ "ಚಳಿ ಬೇರೆ" ಎಂಬ ಮಾತನ್ನು ನಾನು ಮತ್ತೆ ಕೇಳಲಿಲ್ಲ.

ಒಂದು ದಿನ ಶಾಲೆಯ ಗೇಟಿನ ಹತ್ತಿರ ತಡೆಯಲಾರದೆ ಕೇಳಿದೆ. "ಮಗಳು ಉಳಿದಳಲ್ಲ ಮಾಸ್ಟ್ರೆ, ಇನ್ನೆಂತ ಚಿಂತೆ?"

"ಅವಳು ಬಿಟ್ಟದ್ದು ಸಮಯಕ್ಕೆ ಮೊದಲೇ ಬಿಟ್ಟ ನೋಂಬು. ತೀರಿಸ್ಬೇಕು. ತೀರಿಸ್ಲಿಕ್ಕೆ ಉಂಟು ಅಂತ ಅವಳಿಗೆ ಗೊತ್ತಿಲ್ಲ. ನಾನು ಹೇಳಿದರೆ ಪುನಃ ಮೊದಲಿನ ಹಾಗೆ ಹಿಡೀತಾಳೆ, ಪುನಃ ಬೀಳ್ತಾಳೆ. ಹೇಳದಿದ್ದರೆ ಅವಳ ಸಾಲ ಹಾಗೇ ಉಳೀತದೆ. ಅವಳು ಮೋಸ ಮಾಡಿದವಳಲ್ಲ, ಮೋಸಹೋದವಳು."

"ಹಾಗಾದರೆ ರಂಜಾನ್ ಬೇಸಿಗೆಯಿಂದ ಆಚೆ ಹೋದ ಮೇಲೆ ಹೇಳಿ."

ಹೇಳುತ್ತೇನೆ ಎಂದರು. ರಂಜಾನ್ ವರ್ಷ ವರ್ಷ ಹಿಂದಕ್ಕೆ ಬರುತ್ತಾ ಮೇ, ಏಪ್ರಿಲ್ ದಾಟಿತು. ಅವರು ಹೇಳಲಿಲ್ಲ. ಮಗಳು ಊರಿಗೆ ಬಂದಾಗಲೆಲ್ಲ ಈ ಸಲ ಹೇಳುತ್ತೇನೆ ಎನ್ನುವರು, ಅವಳು ವಿಮಾನ ಹತ್ತಿದ ಮೇಲೆ ಬಾಡಿದ ಮುಖದಲ್ಲಿ ನನಗೆ ಸಿಗುವರು. ನಿವೃತ್ತಿಯ ದಿನ, ಹಾರ ತುರಾಯಿ ಎಲ್ಲ ಮುಗಿದ ಮೇಲೆ, ಜಗಲಿಯ ಕೊನೆಗೆ ನನ್ನನ್ನು ಕರೆದರು.

"ಸಣ್ಣದರಿಂದ ನನ್ನ ಮಾತನ್ನು ಕಣ್ಣು ಮುಚ್ಚಿ ನಂಬಿದ ಹುಡುಗಿ ಅವಳು. ಎದುರು ನಿಂತು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ ಟೀಚರೆ. ನಾನು ಹೋದ ಮೇಲೆ ನೀವು ಹೇಳ್ಬೇಕು. ಉಪ್ಪ ಸುಳ್ಳು ಹೇಳಿದ್ದು, ಆ ನೋಂಬುಗಳನ್ನು ತೀರಿಸು ಅಂತ."

"ಎಂತ ಮಾತು ಮಾರಾಯ್ರೆ ಇದು, ನಿಮಗಿಂತ ಮೊದಲು ನಾನೇ ಹೋದರೆ?" ಎಂದು ನಗಿಸಲು ನೋಡಿದೆ. ಅವರು ನಗಲಿಲ್ಲ. ಆಗಲಿ ಎಂದೆ.

ಕಳೆದ ವರ್ಷ ಅವರು ಹೋದರು. ದರ್ಬೆಯ ರಸ್ತೆ ಬದಿಯಲ್ಲಿ ಬೆಳಗ್ಗೆ ನಡೆಯುತ್ತಿದ್ದವರು ಹಾಗೆಯೇ ಕುಸಿದರಂತೆ. ಆಸ್ಪತ್ರೆಯ ಬಾಗಿಲು ಕಾಣುವ ಮೊದಲೇ ಎಲ್ಲ ಮುಗಿದಿತ್ತು. ಮಗಳು ಬಂದು ಮುಟ್ಟುವಾಗ ದಫನವೂ ಆಗಿತ್ತು. ನನಗಂತೂ ದುಃಖಕ್ಕಿಂತ ಮೊದಲು ನೆನಪಾದದ್ದು ಅವರಿಗೆ ಕೊಟ್ಟ ಮಾತು. ತಂದೆಯನ್ನು ಕೊನೆಗೊಮ್ಮೆ ನೋಡಲೂ ಸಿಗದ ಹುಡುಗಿಯ ಮುಂದೆ ಹೋಗಿ, ನಿನ್ನ ಉಪ್ಪ ನಿನಗೆ ಸುಳ್ಳು ಹೇಳಿದ್ದರು ಎಂದು ಹೇಳಬೇಕು. ಇವತ್ತು ಬೇಡ ನಾಳೆ ಎಂದು ದೂಡಿದೆ. ಅವಳು ಹೊರಡುವ ದಿನ ಹತ್ತಿರ ಬಂತು. ಇನ್ನು ಉಪಾಯವಿಲ್ಲದೆ ಒಂದು ಸಂಜೆ ಹೋದೆ.

ಬಂದವರೆಲ್ಲ ಹೋಗಿದ್ದರು. ಅವಳ ಉಮ್ಮ, ಮಾಸ್ಟ್ರ ಹೆಂಡತಿ, ಒಳಕೋಣೆಯಲ್ಲಿ ಮಲಗಿದ್ದರು. ಅವಳು ನನಗೆ ಚಹಾ ತಂದುಕೊಟ್ಟು ಎದುರು ಕುಳಿತಳು. ಹಣೆಯ ಮೇಲೆ ಹಳೆಯ ಗಾಯದ ಗುರುತು ಇತ್ತು. ಮಾತು ಎಲ್ಲಿಂದ ಎತ್ತಬೇಕೆಂದು ತಿಳಿಯದೆ, "ನಿನ್ನ ಹತ್ತಿರ ಒಂದು ವಿಷಯ ಹೇಳ್ಲಿಕ್ಕೆ ಉಂಟು. ನಿಮ್ಮ ಊರಿನದ್ದು. ಆ ಗೆರೆಯದ್ದು" ಎಂದೆ.

ಅವಳು ಸ್ವಲ್ಪ ನಕ್ಕಳು. "ನಮ್ಮ ಊರು ಹೊರಗೇ ಉಂಟು ಟೀಚರ್."

ನಾನು ಚಹಾದ ಲೋಟವನ್ನು ಕೆಳಗಿಟ್ಟೆ.

"ಗೆರೆ ಸರಿಯುದು ಉತ್ತರಕ್ಕೆ. ಅದನ್ನು ನನಗೆ ಕಲಿಸಿದ್ದು ಉಪ್ಪನೇ, ಒಂಬತ್ತನೇ ಕ್ಲಾಸಲ್ಲಿ. ಪರೀಕ್ಷೆಯಲ್ಲಿ ದಕ್ಷಿಣ ಅಂತ ಬರೆದು ಅರ್ಧ ಅಂಕ ಹೋಗಿತ್ತು. ಮರೀತದಾ?"

"ಮತ್ತೆ ಆ ದಿನ ಫೋನಲ್ಲಿ ಒಪ್ಪಿದ್ದು?"

"ಕೇಳಿ ನನಗೆ ನಂಬ್ಲಿಕ್ಕೇ ಆಗ್ಲಿಲ್ಲ ಟೀಚರ್. ಅಂಗಡಿಯ ಬ್ಯಾನರನ್ನೂ ಬಿಡದ ಮನುಷ್ಯ. ಅವರು ನನಗೋಸ್ಕರ ಗೆರೆಯನ್ನೇ ಎಳೆದುಕೊಂಡು ಬಂದ್ರಲ್ಲ, ಎಷ್ಟು ಹೆದರಿರ್ಬೇಕು ಅಂತ ಅನಿಸಿತು. ಮತ್ತೆ ನನ್ನ ಹಟ ನನಗೇ ಬೇಡ ಆಯ್ತು. ಆವತ್ತೇ ಉಂಡೆ. ಆ ನೋಂಬುಗಳನ್ನೆಲ್ಲ ಡಿಸೆಂಬರಲ್ಲಿ ತೀರಿಸಿದೆ. ಅಲ್ಲಿ ಆಗ ಸೂರ್ಯ ಮುಖ ತೋರಿಸುದೇ ಸ್ವಲ್ಪ ಹೊತ್ತು, ಹಗಲು ಎಂಬುದು ಇಷ್ಟೇ ಇಷ್ಟು. ಏನೂ ಕಷ್ಟ ಆಗ್ಲಿಲ್ಲ. ಪ್ರತಿ ವರ್ಷವೂ ಹಾಗೇ ಮಾಡಿದೆ."

ಆ ಹಗಲಿನ ಲೆಕ್ಕ ಮಾಸ್ಟ್ರಿಗೆ ಗೊತ್ತಿಲ್ಲದ್ದಲ್ಲ. ಮಗಳು ಅದನ್ನು ಬಳಸಿಕೊಂಡಾಳು ಎಂಬುದೊಂದು ಮಾತ್ರ ಅವರ ತಲೆಗೆ ಹೋಗಲಿಲ್ಲ.

"ಮತ್ತೆ ಉಪ್ಪನಿಗೆ ಯಾಕೆ ಹೇಳ್ಲಿಲ್ಲ ಮಗಾ? ಒಂದು ಮಾತು?"

"ಹೇಗೆ ಹೇಳುದು? ಹೇಳಿದರೆ ಸುಳ್ಳು ಸಿಕ್ಕಿಬಿದ್ದ ಹಾಗೆ ಆಗ್ತಿತ್ತು ಅವರಿಗೆ. ಮತ್ತೆ ನನ್ನ ಮುಖ ನೋಡಿ ಮಾತಾಡ್ತಿದ್ರಾ? ಅವರು ಜಾಣ್ಮೆಯಲ್ಲಿ ಗೆದ್ದೆ ಅಂತ ನೆಮ್ಮದಿಯಲ್ಲಿ ಇರ್ಲಿ ಅಂತ ಬಿಟ್ಟೆ."

ಹೊರಗೆ ಸಂಜೆಯ ಬಾಂಗ್ ಕೇಳಿಸಿತು. ಅವಳು ತಲೆಯ ಮೇಲೆ ಬಟ್ಟೆ ಎಳೆದುಕೊಂಡು ಅದು ಮುಗಿಯುವವರೆಗೆ ಸುಮ್ಮನೆ ಕುಳಿತಳು. ಗಣಿತದ ಮಾಸ್ಟ್ರಿಗೆ ಪುಸ್ತಕ ಕೊಟ್ಟದ್ದು, ವಾರ್ಷಿಕೋತ್ಸವ, ಜಗಲಿಯ ಕೊನೆ, ಎಲ್ಲವೂ ನನ್ನ ಬಾಯಿಯ ತನಕ ಬಂದು ನಿಂತಿದ್ದವು.

"ನೀವು ದಿನಾ ನೋಡ್ತಿದ್ರಿ ಅಲ್ವಾ ಟೀಚರ್," ಎಂದಳು. "ಆ ಮೇಲೆ ಉಪ್ಪ ನೆಮ್ಮದಿಯಲ್ಲಿ ಇದ್ರಾ?"

"ಇದ್ದರು" ಎಂದೆ.

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ಆಯ್ತು ಟೀಚರ್" ಎಂದಳು, ಸಣ್ಣ ಸ್ವರದಲ್ಲಿ.